ಲಯೋನೆಲ್ ಫೀಲ್ಡನ್ ಮತ್ತು ಕೊಪ್ಪಳ ಸೀಮೆಯ ಬಾನುಲಿ

ಭಾರತೀಯ ಬಾನುಲಿಯ ಆರಂಭಕಾಲವನ್ನು ಕುರಿತು ಬರೆಯುವವರು ಲಯೋನೆಲ್ ಫೀಲ್ಡನ್ (1896–1974) ಅವರನ್ನು ಬಿಟ್ಟು ಮುಂದುವರಿಯಲಾಗದು. ಅವರು ಕಟ್ಟಿದ ವ್ಯವಸ್ಥೆಯು ಸಂಸ್ಥಾನಗಳಲ್ಲಿದ್ದ ಕನ್ನಡಿಗರನ್ನು ಎಷ್ಟರಮಟ್ಟಿಗೆ ಒಳಗೊಂಡಿತ್ತು ಎಂಬುದನ್ನು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲೂಕುಗಳ ನೆಲೆಯಿಂದ ಇಲ್ಲಿ ಪರಿಶೀಲಿಸಲಾಗಿದೆ.

ಆಕ್ಸ್‌ಫರ್ಡಿನಲ್ಲಿ ಶಿಕ್ಷಣ ಪಡೆದ ಫೀಲ್ಡನ್ 1927ರಲ್ಲಿ ಬಿಬಿಸಿಯನ್ನು ಸೇರಿ, ಅದರ ಭಾಷಣ ವಿಭಾಗದಲ್ಲಿ ಹೆಸರಾದರು. 1935ರ ಆಗಸ್ಟ್ ತಿಂಗಳಲ್ಲಿ ಭಾರತ ಸರ್ಕಾರದ ಮೊದಲ ಪ್ರಸಾರ ನಿಯಂತ್ರಕರಾಗಿ ಬಂದರು. ಖಾಸಗಿ ಕಂಪನಿಯು 1930ರಲ್ಲಿ ಮುಚ್ಚಿದ ತರುವಾಯ ಬಾನುಲಿಯು ಸರ್ಕಾರದ ವಶವಾಗಿತ್ತು. ಮುಂಬಯಿ, ಕಲ್ಕತ್ತಾಗಳೇ ಅದರ ಮುಖ್ಯ ಕೇಂದ್ರಗಳಾಗಿದ್ದವು. 1936ರ ಜನವರಿ 1ರಂದು ದೆಹಲಿ ಕೇಂದ್ರವು ಆರಂಭವಾಯಿತು. ಅದೇ ವರ್ಷದ ಜೂನ್ 8ರಂದು ಸಂಸ್ಥೆಗೆ 'ಆಲ್ ಇಂಡಿಯಾ ರೇಡಿಯೋ' ಎಂಬ ಹೆಸರು ಬಂದಿತು. ವೈಸರಾಯ್ ಲಿನ್ಲಿತ್‌ಗೋ ಅವರನ್ನು ಈ ಹೆಸರಿಗೆ ಒಪ್ಪಿಸಿದ ಬಗೆಯನ್ನು ಫೀಲ್ಡನ್ ತಮ್ಮ ಆತ್ಮಕಥೆಯಲ್ಲಿ ವಿವರಿಸಿದ್ದಾರೆ. ಮಧ್ಯಮ ತರಂಗದ ಕೇಂದ್ರಗಳು ಸುತ್ತಲಿನ ಸೀಮಿತ ಪ್ರದೇಶವನ್ನಷ್ಟೇ ತಲುಪುತ್ತಿದ್ದುದರಿಂದ ದೂರದ ಕೇಳುಗರಿಗಾಗಿ ಹ್ರಸ್ವ ತರಂಗವನ್ನು ಅವಲಂಬಿಸಲಾಯಿತು. 1940ರಲ್ಲಿ ಅವರು ಭಾರತದಿಂದ ನಿರ್ಗಮಿಸಿದರು, ಎ.ಎಸ್. ಬುಖಾರಿ ಅವರ ಸ್ಥಾನಕ್ಕೆ ಬಂದರು. 1943ರಲ್ಲಿ ಬ್ರಿಟಿಷ್ ಆಳ್ವಿಕೆಯನ್ನು ಖಂಡಿಸುವ ಗ್ರಂಥವೊಂದನ್ನು ಫೀಲ್ಡನ್ ಪ್ರಕಟಿಸಿದುದು ಗಮನಾರ್ಹ.

ಹೆಸರಿನಲ್ಲಿ ಅಖಿಲ ಭಾರತವಿದ್ದರೂ ಸಂಸ್ಥಾನಗಳ ಬಾನುಲಿ ಅದರ ಹೊರಗಿತ್ತು. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ 'ಆಕಾಶವಾಣಿ'ಯನ್ನು ಆರಂಭಿಸಿದರು. ಹೈದರಾಬಾದಿನಲ್ಲಿ ನಿಜಾಮ್ ಸರ್ಕಾರದ ಡೆಕ್ಕನ್ ರೇಡಿಯೋ ಇತ್ತು; ಅದರಲ್ಲಿ ಉರ್ದುವಿಗೇ ಪ್ರಾಧಾನ್ಯ. ಪ್ರಸ್ತುತ ನಾಲ್ಕೂ ತಾಲೂಕುಗಳು ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದು, ಕೊಪ್ಪಳ ಮತ್ತು ಯಲಬುರ್ಗಾ ಸಾಲಾರ್‌ಜಂಗರ ಜಹಗೀರಿನಲ್ಲಿದ್ದವು. ಹೀಗೆ ಈ ಸೀಮೆಯ ಕನ್ನಡಿಗರ ಮಾತು ಒಂದು, ಅವರ ಸರ್ಕಾರದ ಬಾನುಲಿಯ ಪ್ರಧಾನ ಭಾಷೆ ಮತ್ತೊಂದು ಎಂಬ ಸ್ಥಿತಿಯಿತ್ತು.

1948ರಲ್ಲಿ ಹೈದರಾಬಾದ್ ಭಾರತದಲ್ಲಿ ವಿಲೀನವಾಯಿತು. 1950ರ ಏಪ್ರಿಲ್ 1ರಂದು ಮೈಸೂರು, ಹೈದರಾಬಾದ್ ಕೇಂದ್ರಗಳು ಕೇಂದ್ರ ಸರ್ಕಾರದ ಅಧೀನಕ್ಕೆ ಬಂದವು. ಆ ವರ್ಷದ ಜನವರಿಯಲ್ಲಿ ಧಾರವಾಡ ಕೇಂದ್ರವೂ, 1966ರಲ್ಲಿ ಕಲಬುರಗಿ ಕೇಂದ್ರವೂ ಪ್ರಾರಂಭವಾದುದು ಉತ್ತರ ಕರ್ನಾಟಕದ ಕನ್ನಡಕ್ಕೆ ತನ್ನದೇ ನೆಲೆಯನ್ನು ಒದಗಿಸಿತು.

ಒಟ್ಟಿನಲ್ಲಿ, ಫೀಲ್ಡನ್ ಹಾಕಿದ ತಳಹದಿ ದೊಡ್ಡದು. ಆದರೆ ಅವರಿತ್ತ ಹೆಸರಿನ ಅರ್ಥ ಪೂರ್ಣಗೊಂಡುದು ಸಂಸ್ಥಾನಗಳ ವಿಲೀನದ ಬಳಿಕವೇ. 2023ರಲ್ಲಿ ಪ್ರಸಾರ ಭಾರತಿಯು ಆ ಇಂಗ್ಲಿಷ್ ಹೆಸರಿನ ಬಳಕೆಯನ್ನು ಕೈಬಿಟ್ಟು, 'ಆಕಾಶವಾಣಿ' ಎಂಬುದನ್ನೇ ಉಳಿಸಿಕೊಂಡಿತು.