ಬೈಸಿಕಲ್ಲಿನ ಚೈನು ಕಳಚಿದಾಗ

ಹಳ್ಳಿಯಿಂದ ಶಾಲೆಗೆ ಬೈಸಿಕಲ್ಲಿನ ಮೇಲೆ ಬರುವ ವಿದ್ಯಾರ್ಥಿಗೆ ನಡುದಾರಿಯಲ್ಲಿ ಚೈನು ಕಳಚುವುದು ಅಪರೂಪದ ಸಂಗತಿಯೇನಲ್ಲ. ಕರ್ನಾಟಕ ಸರ್ಕಾರವು 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಬೈಸಿಕಲ್ ನೀಡುವ ಯೋಜನೆಯನ್ನು ಆರಂಭಿಸಿದಾಗ ಗ್ರಾಮಾಂತರದ ಎಷ್ಟೋ ಬಾಲಕ ಬಾಲಕಿಯರಿಗೆ ಶಾಲೆಯ ದಾರಿ ಸುಗಮವಾಯಿತು. ಆದರೆ ವಾಹನ ದೊರೆತರಷ್ಟೇ ಸಾಲದು. ಅದನ್ನು ಸುಸ್ಥಿತಿಯಲ್ಲಿಡುವ ತಿಳಿವಳಿಕೆಯೂ ಬೇಕು.

ಇಂದಿನ ಚೈನಿನ ಮೂಲ ರೂಪವನ್ನು ಮ್ಯಾಂಚೆಸ್ಟರಿನಲ್ಲಿ ಹ್ಯಾನ್ಸ್ ರೆನಾಲ್ಡ್ ಎಂಬಾತನು 1880ರಲ್ಲಿ ಸಿದ್ಧಪಡಿಸಿದನು. ಅದರ ಒಂದು ಪಿನ್ನಿನಿಂದ ಮತ್ತೊಂದಕ್ಕೆ ಇರುವ ದೂರ ಅರ್ಧ ಅಂಗುಲ, ಎಂದರೆ 12.7 ಮಿಲಿಮೀಟರ್. ಚಕ್ರದ ಹಲ್ಲುಗಳನ್ನೂ ಇದೇ ಅಳತೆಗೆ ಹೊಂದಿಸಿ ಕಡೆದಿರುತ್ತಾರೆ. ಈ ಹೊಂದಾಣಿಕೆ ಕೆಟ್ಟಾಗ ಚೈನು ಹಲ್ಲುಗಳ ಮೇಲೆ ನಿಲ್ಲದು. ಧೂಳು ಸೇರಿ ಪಿನ್ನುಗಳು ಸವೆದಂತೆ ಪ್ರತಿಯೊಂದು ಕೀಲೂ ಕೂದಲೆಳೆಯಷ್ಟು ಸಡಿಲಗೊಳ್ಳುತ್ತದೆ. ಇಂತಹ ಸುಮಾರು ನೂರು ಕೀಲುಗಳ ಸಡಿಲವು ಒಟ್ಟುಗೂಡಿ ಚೈನು ಜೋಲುತ್ತದೆ. ಹಿಂಚಕ್ರದ ನಟ್ಟು ಸಡಿಲವಾಗಿ ಚಕ್ರವು ಮುಂದಕ್ಕೆ ಸರಿದರೂ ಇದೇ ಪರಿಣಾಮ.

ಕಳಚಿದ ಚೈನನ್ನು ಕೂರಿಸುವ ಕ್ರಮ ಸರಳವಾದುದು. ಬೈಸಿಕಲ್ಲನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಹಿಂಚಕ್ರವು ನೆಲಕ್ಕೆ ತಾಗದಂತೆ ನೋಡಿಕೊಳ್ಳಬೇಕು. ಮೊದಲು ಹಿಂದಿನ ಫ್ರೀವೀಲಿನ ಹಲ್ಲುಗಳಿಗೆ ಚೈನನ್ನು ಪೂರ್ತಿಯಾಗಿ ಹೊಂದಿಸಬೇಕು. ಅನಂತರ ಮುಂದಿನ ಹಲ್ಲುಚಕ್ರದ ಮೇಲ್ಭಾಗದ ಕೆಲವು ಹಲ್ಲುಗಳಿಗೆ ಅದನ್ನು ತೊಡಿಸಿ, ಪೆಡಲನ್ನು ಕೈಯಿಂದ ನಿಧಾನವಾಗಿ ಮುಂದಕ್ಕೆ ತಿರುಗಿಸಿದರೆ ಉಳಿದ ಭಾಗವು ತಾನಾಗಿಯೇ ಕುಳಿತುಕೊಳ್ಳುತ್ತದೆ. ಪೆಡಲು ತಿರುಗುವಾಗ ಚೈನಿಗೂ ಹಲ್ಲಿಗೂ ನಡುವೆ ಬೆರಳನ್ನು ಇಡಲೇಬಾರದು. ಒಂದು ಕಡ್ಡಿಯಿಂದ ಚೈನನ್ನು ಎತ್ತಿಕೊಡುವುದು ಕ್ಷೇಮ.

ಅನೇಕರು ಇಷ್ಟಕ್ಕೇ ಕೆಲಸ ಮುಗಿಯಿತೆಂದು ಭಾವಿಸಿ ಹೊರಟುಬಿಡುತ್ತಾರೆ. ಏರುದಾರಿಯಲ್ಲಿ ಬಲವಾಗಿ ತುಳಿಯುವಾಗ ಅದೇ ಚೈನು ಮರಳಿ ಕಳಚಿದರೆ ಕಾಲು ಒಮ್ಮೆಲೇ ಜಾರಿ ಸವಾರನು ರಸ್ತೆಗೆ ಬೀಳುವ ಅಪಾಯವುಂಟು. ಆದುದರಿಂದ ಸಡಿಲವನ್ನು ಪರೀಕ್ಷಿಸಲೇಬೇಕು. ಚೈನಿನ ನಡುಭಾಗವನ್ನು ಬೆರಳಿನಿಂದ ಮೇಲೆ ಕೆಳಗೆ ಆಡಿಸಿದಾಗ ಅದು ಸುಮಾರು ಅರ್ಧ ಅಂಗುಲ ಮಾತ್ರ ಅಲುಗಬೇಕು. ಹೆಚ್ಚಾದರೆ ಹಿಂಚಕ್ರದ ಎರಡೂ ನಟ್ಟುಗಳನ್ನು ಸಡಿಲಿಸಿ, ಚಕ್ರವನ್ನು ನೇರವಾಗಿ ಹಿಂದಕ್ಕೆ ಎಳೆದು, ಮತ್ತೆ ಬಿಗಿಗೊಳಿಸಬೇಕು. ಬ್ರೇಕು ಸರಿಯಾಗಿ ಹಿಡಿಯುವುದೇ ಎಂದು ನೋಡದೆ ಸವಾರಿ ಹೊರಡಬಾರದು.

ಚೈನು ತೀರ ಸವೆದಿದೆಯೇ ಎಂಬುದನ್ನು ಶಾಲೆಯ ಅಳತೆಪಟ್ಟಿಯೇ ಹೇಳಬಲ್ಲದು. ಹೊಸ ಚೈನಿನಲ್ಲಿ 24 ಕೊಂಡಿಗಳ ಉದ್ದ ಸರಿಯಾಗಿ 12 ಅಂಗುಲ. ಅದು ಅಂಗುಲದ ಹದಿನಾರರಲ್ಲೊಂದು ಪಾಲಿನಷ್ಟು ಹೆಚ್ಚಿದ್ದರೆ ಚೈನನ್ನು ಬದಲಿಸುವುದು ಲೇಸು. ಎಂಟರಲ್ಲೊಂದು ಪಾಲಿನಷ್ಟಾದರೆ ಹಲ್ಲುಗಳೂ ಸವೆದಿರುವ ಸಂಭವವುಂಟು.

ಗಣಿತ, ವಿಜ್ಞಾನ, ಕೈಕೆಲಸ ಮೂರೂ ಕೂಡಿದ ಈ ಪಾಠವನ್ನು ಶಿಕ್ಷಕರು ಒಂದು ಅವಧಿಯಲ್ಲಿ ಅಂಗಳದಲ್ಲಿಯೇ ಕಲಿಸಬಹುದು. ಬೈಸಿಕಲ್ಲನ್ನು ದಾನವಾಗಿ ನೀಡುವ ಮಹನೀಯರು ಅದರೊಡನೆ ಒಂದು ಪಾನಾವನ್ನೂ ಎಣ್ಣೆಯ ಡಬ್ಬಿಯನ್ನೂ ಕೊಟ್ಟರೆ, ದೂರದ ಹಳ್ಳಿಯ ವಿದ್ಯಾರ್ಥಿಯು ಚೈನು ಕಳಚಿದ ದಿನವೂ ಪಾಠ ತಪ್ಪಿಸಿಕೊಳ್ಳದೆ ಶಾಲೆಯನ್ನು ತಲುಪುವನು.