ಕೊಡಿಹಬ್ಬದ ಕಬ್ಬು, ಹಂದಿಗೋಡಿನ ನೋವು

ವೃಶ್ಚಿಕ ಮಾಸದ ಹುಣ್ಣಿಮೆಗೆ ಕೋಟೇಶ್ವರದಲ್ಲಿ ಕೋಟಿಲಿಂಗೇಶ್ವರನ ತೇರು. ಊರವರ ಬಾಯಲ್ಲಿ ಅದು ಕೊಡಿಹಬ್ಬ. ಆ ವರ್ಷ ಮದುವೆಯಾದ ಜೋಡಿಗಳು ಹಬ್ಬಕ್ಕೆ ಬಂದು, ಮರಳುವಾಗ ಕಬ್ಬಿನ ಕೊಡಿಯನ್ನು ಮನೆಗೆ ಒಯ್ಯುವುದು ರೂಢಿ. ಕೊಡಿ ಎಂದರೆ ಕುಂದಾಪುರದ ಕಡೆಯ ಮಾತಿನಲ್ಲಿ ಚಿಗುರು. ವಂಶ ಚಿಗುರಲಿ ಎಂಬುದೇ ಹಾರೈಕೆ.

ಕಬ್ಬಿನ ವಂಶ ಬೆಳೆಯುವ ಬಗೆ ಸರಳ. ತುಂಡನ್ನು ನೆಟ್ಟರೆ ಗಿಣ್ಣಿನ ಕಣ್ಣು ಒಡೆದು ತಾಯಿ ಗಿಡದಂಥದೇ ಇನ್ನೊಂದು ಗಿಡ ಏಳುತ್ತದೆ. ಮನುಷ್ಯರ ವಂಶ ಹಾಗಲ್ಲ. ಮಗುವಿಗೆ ಅರ್ಧ ಪಾಲು ತಾಯಿಯದು, ಅರ್ಧ ಪಾಲು ತಂದೆಯದು. ಆ ಪಾಲಿನಲ್ಲಿ ಮೂಗು, ಮೈಬಣ್ಣ, ಎತ್ತರದ ಜೊತೆಗೆ ಒಮ್ಮೊಮ್ಮೆ ಕಾಯಿಲೆಯೂ ಸೇರಿರುತ್ತದೆ.

ಇದಕ್ಕೆ ನಿದರ್ಶನ ದೂರದಲ್ಲೇನೂ ಇಲ್ಲ. ಕೋಟೇಶ್ವರದಿಂದ ಘಟ್ಟ ಹತ್ತಿದರೆ ಶಿವಮೊಗ್ಗ ಜಿಲ್ಲೆ. ಅಲ್ಲಿನ ಸಾಗರ ತಾಲ್ಲೂಕಿನ ಹಂದಿಗೋಡು ಎಂಬ ಹಳ್ಳಿಯ ಹೆಸರು ಒಂದು ಕಾಯಿಲೆಯಿಂದಾಗಿಯೇ ವೈದ್ಯಕೀಯ ಲೋಕಕ್ಕೆ ಪರಿಚಿತ. 1974-75ರ ಸುಮಾರಿಗೆ ಅಲ್ಲಿನ ದಲಿತ ಕೂಲಿಕಾರರ ಕುಟುಂಬಗಳಲ್ಲಿ ಸೊಂಟ, ಮೊಣಕಾಲುಗಳ ವಿಚಿತ್ರ ನೋವು ಬೆಳಕಿಗೆ ಬಂತು. ಕೆಲವರಿಗೆ ನಡೆಯುವುದೇ ಕಷ್ಟವಾಯಿತು. ಕೆಲವರು ಕುಳ್ಳಗೆ ಉಳಿದರು. ಕೀಟನಾಶಕ ಹೊಡೆದ ಗದ್ದೆಯ ಏಡಿ ತಿಂದದ್ದೇ ಕಾರಣವಿರಬೇಕೆಂದು ಮೊದಲು ಶಂಕಿಸಲಾಗಿತ್ತು. ಮುಂದೆ ತಜ್ಞರು ಎಕ್ಸ್-ರೇ ತೆಗೆದು, ಕುಟುಂಬಗಳ ವಂಶವೃಕ್ಷ ಬರೆದು ನೋಡಿದಾಗ ಬೇರೆಯೇ ಚಿತ್ರ ಮೂಡಿತು. ಅದು ತಲೆಮಾರಿನಿಂದ ತಲೆಮಾರಿಗೆ ಹರಿದುಬರುವ, ಮೂಳೆಯ ಬೆಳವಣಿಗೆಯ ದೋಷವಾಗಿತ್ತು.

ಹಾಗಾದರೆ ಈ ದೋಷ ಇರುವುದೆಲ್ಲಿ? ದೇಹದ ಹೆಚ್ಚಿನ ಜೀವಕೋಶಗಳ ಕೇಂದ್ರದಲ್ಲಿ 46 ವರ್ಣತಂತುಗಳಿವೆ. ಅವು ಡಿಎನ್‌ಎ ಎಂಬ ಉದ್ದನೆಯ ಎಳೆಯಿಂದಾದವು. ನಾಲ್ಕೇ ಅಕ್ಷರಗಳ ಲಿಪಿಯಲ್ಲಿ ಬರೆದ ಗ್ರಂಥ ಅದು. ತಂದೆಯಿಂದ ಬಂದ ಪ್ರತಿಯಲ್ಲಿ ಸುಮಾರು 300 ಕೋಟಿ ಅಕ್ಷರ, ತಾಯಿಯಿಂದ ಬಂದ ಪ್ರತಿಯಲ್ಲೂ ಅಷ್ಟೇ. ಇದರಲ್ಲಿ ಅರ್ಥವುಳ್ಳ ಒಂದೊಂದು ಭಾಗವೇ ವಂಶವಾಹಿ ಅಥವಾ ಜೀನ್. ಕೋಶ ಎರಡಾಗುವಾಗಲೆಲ್ಲ ಇಡೀ ಗ್ರಂಥವನ್ನು ನಕಲು ಮಾಡಬೇಕು. ಓಲೆಗರಿ ನಕಲು ಮಾಡುವ ಲಿಪಿಕಾರನ ಕೈ ತಪ್ಪುವಂತೆ ಇಲ್ಲಿಯೂ ಅಕ್ಷರ ಬದಲಾಗಬಹುದು, ಬಿಟ್ಟುಹೋಗಬಹುದು. ಇದೇ ಮ್ಯುಟೇಶನ್, ಪಠ್ಯಪುಸ್ತಕಗಳ ಕನ್ನಡದಲ್ಲಿ ಉತ್ಪರಿವರ್ತನೆ.

ಬಹುಪಾಲು ತಪ್ಪುಗಳನ್ನು ಕೋಶವೇ ತಿದ್ದಿಕೊಳ್ಳುತ್ತದೆ. ಉಳಿದವು ತಾವಾಗಿ ಆದವು ಇರಬಹುದು, ಹೊರಗಿನ ಪೆಟ್ಟಿನಿಂದ ಆದವೂ ಇರಬಹುದು. ಎಕ್ಸ್-ಕಿರಣ ತಾಗಿದ ಹಣ್ಣುನೊಣಗಳಲ್ಲಿ ಉತ್ಪರಿವರ್ತನೆ ಹೆಚ್ಚುತ್ತದೆಂದು ಅಮೆರಿಕದ ಹರ್ಮನ್ ಮುಲ್ಲರ್ 1927ರಲ್ಲೇ ತೋರಿಸಿದರು. 1946ರಲ್ಲಿ ಅವರಿಗೆ ನೊಬೆಲ್ ಬಂತು. ತಂಬಾಕಿನ ಹೊಗೆ, ಬಿಸಿಲಿನ ನೇರಳಾತೀತ ಕಿರಣಗಳೂ ಇದೇ ಹಾನಿ ಮಾಡುತ್ತವೆ. ಚರ್ಮ, ಶ್ವಾಸಕೋಶದ ಕೋಶಗಳಲ್ಲಿ ಆದ ಬದಲಾವಣೆ ಆ ವ್ಯಕ್ತಿಯೊಂದಿಗೇ ಮುಗಿಯುತ್ತದೆ. ಅವು ಕೂಡುತ್ತಾ ಹೋದರೆ ಕ್ಯಾನ್ಸರ್ ಆಗಬಹುದು. ಅಂಡಾಣು, ವೀರ್ಯಾಣುವಿನಲ್ಲಿ ಆದದ್ದು ಮಾತ್ರ ಮಕ್ಕಳಿಗೆ ದಾಟುತ್ತದೆ.

ಎಲ್ಲ ಬದಲಾವಣೆಯೂ ಕೆಡುಕಲ್ಲ. ಹೆಚ್ಚಿನವು ಇದ್ದದ್ದೇ ಗೊತ್ತಾಗುವುದಿಲ್ಲ. ಒಂದೇ ಅಕ್ಷರ ಬದಲಾಗಿ ಬರುವ ಕುಡಗೋಲು ರಕ್ತಕಣದ ಗುಣ, ಒಂದೇ ಪ್ರತಿಯಲ್ಲಿದ್ದರೆ ಮಲೇರಿಯಾದಿಂದ ಕಾಪಾಡುತ್ತದೆ. ಎರಡೂ ಪ್ರತಿಯಲ್ಲಿದ್ದರೆ ತೀವ್ರ ರಕ್ತಹೀನತೆ, ಪ್ರಾಣ ಹಿಂಡುವ ನೋವು. ಥಲಸೇಮಿಯಾ ಕೂಡ ಎರಡೂ ಪ್ರತಿ ಕೆಟ್ಟಾಗಲೇ ತೀವ್ರವಾಗುವ ರೋಗ. ಸೋದರಿಕೆಯ ಮದುವೆಯಲ್ಲಿ ಗಂಡು ಹೆಣ್ಣು ಇಬ್ಬರಲ್ಲೂ ಒಂದೇ ದೋಷ ಅಡಗಿರುವ ಸಂಭವ ಹೆಚ್ಚಾದ್ದರಿಂದ ವೈದ್ಯರು ಎಚ್ಚರಿಸುತ್ತಾರೆ. ಹಂದಿಗೋಡು ಕಾಯಿಲೆಯ ಲೆಕ್ಕ ಬೇರೆ. ಅದಕ್ಕೆ ಕೆಟ್ಟ ಪ್ರತಿ ಒಂದೇ ಸಾಕು. ತಂದೆ ಅಥವಾ ತಾಯಿಗೆ ಕಾಯಿಲೆಯಿದ್ದರೆ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ. ನಾಣ್ಯ ಚಿಮ್ಮಿದಂತೆ, ಮೊದಲ ಮಗುವಿಗೆ ಬಂದಿತೆಂದು ಎರಡನೆಯದಕ್ಕೆ ವಿನಾಯಿತಿಯಿಲ್ಲ.

ಅಕ್ಷರ ತಪ್ಪಿದ್ದರೆ ತಿದ್ದಬಾರದೇಕೆ? ಜೀನ್ ಚಿಕಿತ್ಸೆ ಹುಟ್ಟಿದ್ದು ಈ ಪ್ರಶ್ನೆಯಿಂದ. 1990ರಲ್ಲಿ ಅಮೆರಿಕದಲ್ಲಿ ರೋಗನಿರೋಧಕ ಶಕ್ತಿಯ ಕೊರತೆಯಿದ್ದ 4 ವರ್ಷದ ಬಾಲಕಿಗೆ ಮೊದಲ ಪ್ರಯೋಗ ನಡೆಯಿತು. ಹಾನಿ ಮಾಡದಂತೆ ಪಳಗಿಸಿದ ವೈರಸ್ಸೇ ಸರಿಯಾದ ಜೀನ್ ಹೊರುವ ವಾಹನ. 1999ರಲ್ಲಿ ಇಂಥ ಪ್ರಯೋಗದಲ್ಲಿ 18ರ ತರುಣನೊಬ್ಬ ಸತ್ತಾಗ ಇಡೀ ಕ್ಷೇತ್ರಕ್ಕೇ ಹಿನ್ನಡೆಯಾಯಿತು. 2023ರಲ್ಲಿ ಜೀನನ್ನೇ ಕತ್ತರಿಸಿ ತಿದ್ದುವ ಚಿಕಿತ್ಸೆಗೆ ಬ್ರಿಟನ್, ಅಮೆರಿಕ ಒಪ್ಪಿಗೆ ಕೊಟ್ಟವು. ಅಮೆರಿಕದಲ್ಲಿ ಅದರ ಬೆಲೆ 22 ಲಕ್ಷ ಡಾಲರ್. 2024ರ ಡಿಸೆಂಬರಿನಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು ಹಿಮೋಫಿಲಿಯಾ ಇದ್ದ ಐವರಿಗೆ ಜೀನ್ ಚಿಕಿತ್ಸೆ ಕೊಟ್ಟು, ರಕ್ತಸ್ರಾವ ನಿಂತುದನ್ನು ಪ್ರಕಟಿಸಿದರು.

ಇವುಗಳಲ್ಲಿ ರೋಗಿಯ ರಕ್ತದ ಮೂಲಕೋಶಗಳನ್ನು ಹೊರತೆಗೆದು, ಸರಿಪಡಿಸಿ, ಮತ್ತೆ ಸೇರಿಸಬಹುದು. ಎಲುಬಿನ ವಿಷಯದಲ್ಲಿ ಅದು ಸಾಧ್ಯವಿಲ್ಲ. ಬಾಲ್ಯದಲ್ಲೇ ಸೊಟ್ಟಗೆ ಬೆಳೆದ ಕೀಲನ್ನು ಆಮೇಲೆ ಜೀನ್ ನೇರಮಾಡದು. ಮೇಲಾಗಿ, ಒಂದೇ ಕೆಟ್ಟ ಪ್ರತಿ ಕೇಡು ಮಾಡುವ ಕಾಯಿಲೆಯಲ್ಲಿ ಒಳ್ಳೆಯದನ್ನು ಸೇರಿಸಿದರಷ್ಟೇ ಸಾಲದು. ಕೆಟ್ಟದ್ದರ ಬಾಯಿ ಮುಚ್ಚಿಸಬೇಕು. ಹಾಗಾಗಿ ಹಂದಿಗೋಡಿನವರ ಪಾಲಿಗೆ ನೋವುಶಮನ, ಶಸ್ತ್ರಚಿಕಿತ್ಸೆ, ಸಹಾಯಧನಗಳೇ ಆಸರೆ.

ಆದರೂ ತಿಳಿವಳಿಕೆ ಕೊಟ್ಟದ್ದು ಕಡಿಮೆಯಲ್ಲ. ಮನೆಯೊಂದರಲ್ಲಿ ಕಾಯಿಲೆ ಮರುಕಳಿಸಿದರೆ ಶಾಪ, ದೋಷ ಎಂದುಬಿಡುವುದು ಸುಲಭ; ಸೊಸೆಯನ್ನು ದೂರುವುದು ಇನ್ನೂ ಸುಲಭ. ನಕಲಿನಲ್ಲಿ ಬಿದ್ದ ಒಂದು ತಪ್ಪಿಗೆ ತಾಯಿಯೂ ಹೊಣೆಯಲ್ಲ, ತಂದೆಯೂ ಅಲ್ಲ. ಮದುವೆಗೆ ಮುನ್ನ ಜಾತಕ ನೋಡುವ ಮನೆಗಳು ಕುಟುಂಬದ ಕಾಯಿಲೆಗಳನ್ನೂ ವೈದ್ಯರಲ್ಲಿ ಮುಚ್ಚಿಡದೆ ಹೇಳಿಕೊಂಡರೆ, ಕೊಡಿಹಬ್ಬದ ಕಬ್ಬು ಒಯ್ಯುವ ಜೋಡಿಯ ಹಾರೈಕೆಗೆ ಇನ್ನಷ್ಟು ಬಲ ಬಂದೀತು.