‘ಆಲು’ ಅಂದರೆ ತಪ್ಪಾ ಸರ್?

ಮೈಸೂರಿಗೆ ಬಂದ ಎರಡನೇ ದಿನವೇ ನಾನು ಮಾತು ಕಡಿಮೆ ಮಾಡಿಬಿಟ್ಟೆ. ಕಾರಣ, ಒಂದು ಲೋಟ ಕಾಫಿ. ಬೆಳಿಗ್ಗೆ ಹಾಸ್ಟೆಲ್‌ನಲ್ಲಿ ಸಾಲಿನಲ್ಲಿ ನಿಂತಿದ್ದವಳು ‘ಇನ್ನೊಸಿ ಆಲು ಆಕಿ’ ಅಂದೆ. ಹಿಂದೆ ನಿಂತಿದ್ದ ಹುಡುಗಿ ‘ಕಾಫಿಗೆ ಆಲೂಗಡ್ಡೆನಾ?’ ಅಂದಳು. ಸಾಲಿಗೆ ಸಾಲೇ ನಕ್ಕಿತು. ನಾನೂ ನಕ್ಕೆ. ಆದರೆ ರೂಮಿಗೆ ಬಂದು ಕನ್ನಡಿ ಮುಂದೆ ನಿಂತು ‘ಹಾಲು, ಹಾಲು, ಹಾಲು’ ಎಂದು ಹತ್ತು ಸಲ ಹೇಳಿಕೊಂಡೆ. ಕನ್ನಡ ಎಂ.ಎ. ಓದಲು ಬಂದವಳಿಗೆ ಹಾಲು ಅನ್ನುವುದಕ್ಕೂ ಬರುವುದಿಲ್ಲವಲ್ಲ ಎಂದು ಅಳು ಬಂತು.

ನನ್ನೂರು ಚಾಮರಾಜನಗರ ತಾಲ್ಲೂಕಿನ ಉಮ್ಮತ್ತೂರು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಈ ಹೆಸರು ಕೇಳಿರುತ್ತಾರೆ. 1509ರಲ್ಲಿ ಪಟ್ಟಕ್ಕೆ ಬಂದ ಕೃಷ್ಣದೇವರಾಯ ತನ್ನ ಆಳ್ವಿಕೆಯ ಮೊದಲ ವರ್ಷಗಳಲ್ಲೇ ದಂಡೆತ್ತಿ ಬಂದದ್ದು ಉಮ್ಮತ್ತೂರಿನ ಗಂಗರಾಜನ ಮೇಲೆ. ಅಂಥ ಊರಿನವಳಾಗಿದ್ದರೂ ಯಾರಾದರೂ ಕೇಳಿದರೆ ‘ಮೈಸೂರು ಹತ್ರ’ ಎಂದು ಜಾರಿಕೊಳ್ಳುತ್ತಿದ್ದೆ. ಚಾಮರಾಜನಗರ ಅಂದರೆ ಸಾಕು, ‘ಬಂದ ಮುಖ್ಯಮಂತ್ರಿಗಳ ಕುರ್ಚಿ ಹೋಗುತ್ತದಂತಲ್ಲ, ಅದೇ ಊರಾ?’ ಎಂಬ ಹಳೇ ಮೂಢನಂಬಿಕೆಯ ತಮಾಷೆ ಶುರುವಾಗುತ್ತಿತ್ತು.

ಮಾನಸಗಂಗೋತ್ರಿಯ ತರಗತಿಯಲ್ಲಿ ನನ್ನದು ಕೊನೆಯ ಬೆಂಚು. ಪದವಿಯಲ್ಲಿ ನಾನೇ ಕ್ಲಾಸಿಗೆ ಮೊದಲಿಗಳು. ಇಲ್ಲಿ ಭಾಷಾವಿಜ್ಞಾನದ ಪಾಠದಲ್ಲಿ ಧ್ವನಿಮಾ, ಆಕೃತಿಮಾ ಎಂಬ ಪದಗಳು ತಲೆಯ ಮೇಲೆ ಹಾದುಹೋಗುತ್ತಿದ್ದವು. ‘ಅರ್ಥ ಆಯ್ತಾ?’ ಎಂದು ಮೇಷ್ಟ್ರು ಕೇಳಿದಾಗ ಎಲ್ಲರೂ ತಲೆಯಾಡಿಸುತ್ತಿದ್ದರು, ಜೊತೆಗೆ ನಾನೂ. ಬಾಯಿ ತೆರೆದರೆ ಎಲ್ಲಿ ‘ಹ’ ಬಿದ್ದುಹೋಗುತ್ತದೋ ಎಂಬ ಭಯ. ತಲೆಯಾಡಿಸಿದ್ದರ ಫಲ ಸಿ-1 ಪರೀಕ್ಷೆಯಲ್ಲಿ ಸಿಕ್ಕಿತು. ಬಂದದ್ದು ನಾಲ್ಕೇ ಅಂಕ.

ಆ ಶನಿವಾರ ಎರಡು ಬಸ್ಸು ಬದಲಿಸಿ ಊರಿಗೆ ಹೋದೆ. ಬ್ಯಾಗಿನಲ್ಲಿ ಅರ್ಧಕ್ಕರ್ಧ ಬಟ್ಟೆ ತುಂಬಿಕೊಂಡಿದ್ದೆ. ವಾಪಸ್ ಬರುವ ಮನಸ್ಸಿರಲಿಲ್ಲ. ಬದನಗುಪ್ಪೆಯ ಕೈಗಾರಿಕಾ ಪ್ರದೇಶದಲ್ಲೋ ನಂಜನಗೂಡಿನ ಫ್ಯಾಕ್ಟರಿಯಲ್ಲೋ ಕೆಲಸಕ್ಕೆ ಸೇರಿದರೆ ತಿಂಗಳಿಗೆ ಒಂದಿಷ್ಟು ದುಡ್ಡಾದರೂ ಬರುತ್ತದೆ ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದ್ದೆ. ನನ್ನ ಫೀಸು ಕಟ್ಟಿದ್ದು ಅವ್ವ ರೇಷ್ಮೆ ಗೂಡು ಮಾರಿದ ದುಡ್ಡಿನಿಂದ. ಆ ದುಡ್ಡು ದಂಡವಾಗುತ್ತಿದೆಯಲ್ಲ ಎಂಬುದೇ ದೊಡ್ಡ ಸಂಕಟ.

ಅವ್ವ ಹುಳುಮನೆಯಲ್ಲಿದ್ದಳು. ತಟ್ಟೆಯಲ್ಲಿ ಹುಳುಗಳು ಅಲುಗಾಡದೆ ತಲೆಯೆತ್ತಿ ಕೂತಿದ್ದವು. ನಾನು ಅಭ್ಯಾಸಬಲದಿಂದ ಹಿಪ್ಪುನೇರಳೆ ಸೊಪ್ಪಿಗೆ ಕೈಹಾಕಿದೆ. ‘ಸೊಪ್ಪು ಆಕಬ್ಯಾಡ ಮೊಗಾ. ಮೂರ್ನೇ ಜ್ವರಕ್ಕೆ ಕೂತವೆ’ ಅಂದಳು. ರೇಷ್ಮೆ ಸಾಕುವವರಿಗೆ ಇದು ಗೊತ್ತು. ಇಪ್ಪತ್ತೈದು ದಿನದ ಆಸುಪಾಸಿನಲ್ಲಿ ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಅದನ್ನೇ ನಾವು ಜ್ವರ ಅನ್ನುವುದು. ಆಗ ಅದು ಸುಮಾರು ಒಂದು ದಿನ ಏನೂ ತಿನ್ನುವುದಿಲ್ಲ, ಅಲ್ಲಾಡುವುದೂ ಇಲ್ಲ. ನೋಡಿದವರಿಗೆ ಸತ್ತಂತೆಯೇ ಕಾಣುತ್ತದೆ. ಆದರೆ ಹಳೇ ಚರ್ಮ ಬಿಗಿಯಾಗಿರುತ್ತದೆ, ಅದನ್ನು ಬಿಡದೆ ಹುಳು ಬೆಳೆಯಲಾರದು.

ಅವ್ವನಿಗೆ ಅಂಕದ ವಿಷಯ ಹೇಳಿದೆ. ಅವಳು ಬೈಯಲಿಲ್ಲ. ‘ಗೊತ್ತಾಗ್ನಿಲ್ಲ ಅಂತ ಕೇಳ್ದಾ?’ ಅಂದಳು. ಇಲ್ಲ ಅಂದೆ. ‘ಕೇಳ್ದೆ ಇದ್ರೆ ಅವ್ರಿಗೆಂಗೆ ತಿಳೀತದೆ?’ ಎಂದು ಮತ್ತೆ ಹುಳುಗಳ ಕಡೆ ತಿರುಗಿದಳು. ಭಾನುವಾರ ಸಂಜೆ ಅದೇ ಬ್ಯಾಗು ಹೊತ್ತು ಮೈಸೂರಿಗೆ ಬಂದೆ.

ಮುಂದಿನ ವಾರ ಭಾಷಾವಿಜ್ಞಾನದ ತರಗತಿಯಲ್ಲಿ ಧ್ವನಿ ಬದಲಾವಣೆಯ ಪಾಠ. ಹಳಗನ್ನಡದಲ್ಲಿ ಪದದ ಮೊದಲಿಗಿದ್ದ ‘ಪ’ಕಾರ ಮುಂದೆ ‘ಹ’ಕಾರವಾಯಿತು; ‘ಪಾಲ್’ ಹೋಗಿ ‘ಹಾಲು’ ಬಂತು, ‘ಪುಲಿ’ ಹೋಗಿ ‘ಹುಲಿ’ ಬಂತು ಎಂದರು ಮೇಷ್ಟ್ರು. ನನ್ನ ಕೈ ನನಗೇ ಗೊತ್ತಿಲ್ಲದಂತೆ ಮೇಲೆದ್ದಿತು. ‘ಸರ್, ನಮ್ಮೂರಲ್ಲಿ ಆಲು ಅಂತಾರೆ. ಹಾಗಂದ್ರೆ ತಪ್ಪಾ?’ ಧ್ವನಿ ನಡುಗುತ್ತಿತ್ತು. ಒಂದಿಬ್ಬರು ನಕ್ಕರು. ಮೇಷ್ಟ್ರು ನಗಲಿಲ್ಲ. ಬೋರ್ಡಿನ ಮೇಲೆ ಪಾಲ್, ಹಾಲು, ಆಲು ಎಂದು ಸಾಲಾಗಿ ಬರೆದರು. ‘ಪ ಹೋಗಿ ಹ ಬಂದಾಗ ಯಾರೂ ಅದನ್ನು ತಪ್ಪು ಅನ್ನಲಿಲ್ಲ. ಹ ಹೋದರೆ ಮಾತ್ರ ಯಾಕೆ ತಪ್ಪು? ಬರೆಯುವಾಗ ಹಾಲು ಅಂತ ಬರಿ. ಆಲು ಅಂದಾಗ ನಾಚಿಕೊಳ್ಳಬೇಡ’ ಅಂದರು. ನಾನು ಕನ್ನಡಿ ಮುಂದೆ ಒರೆಸಿಹಾಕಲು ಹೊರಟಿದ್ದು ಬೋರ್ಡಿನ ಮೇಲೆ ಪಾಠವಾಗಿ ನಿಂತಿತ್ತು.

ಅವತ್ತಿನಿಂದ ದಿನಕ್ಕೊಂದು ಪ್ರಶ್ನೆ ಕೇಳಲೇಬೇಕೆಂದು ನಿಯಮ ಮಾಡಿಕೊಂಡೆ. ಕೆಲವು ಪೆದ್ದು ಪ್ರಶ್ನೆಗಳೂ ಇದ್ದವು. ವಿಚಿತ್ರವೆಂದರೆ, ತರಗತಿ ಮುಗಿದ ಮೇಲೆ ‘ನಂಗೂ ಅದು ಗೊತ್ತಾಗಿರಲಿಲ್ಲ, ನೀನು ಕೇಳಿದ್ದು ಒಳ್ಳೇದಾಯ್ತು’ ಎಂದು ಯಾರಾದರೊಬ್ಬರು ಹೇಳುತ್ತಿದ್ದರು. ತಲೆಯಾಡಿಸುತ್ತಿದ್ದವರಲ್ಲಿ ನಾನೊಬ್ಬಳೇ ಸುಳ್ಳಿಯಲ್ಲ ಎಂದು ಆಗ ತಿಳಿಯಿತು.

ಸಿ-2ಗೆ ಸೆಮಿನಾರ್ ಮಾಡಬೇಕಿತ್ತು. ನಾನು ದೇವನೂರ ಮಹಾದೇವ ಅವರ ‘ಕುಸುಮಬಾಲೆ’ ಆರಿಸಿಕೊಂಡೆ. 1984ರಲ್ಲಿ ಪ್ರಕಟವಾದ, 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಈ ಪುಸ್ತಕ ಇರುವುದು ನಂಜನಗೂಡು, ಚಾಮರಾಜನಗರ ಸೀಮೆಯ ಆಡುಮಾತಿನಲ್ಲಿ. ಬೇರೆ ಕಡೆಯವರಿಗೆ ಇದು ಸುಲಭಕ್ಕೆ ದಕ್ಕುವುದಿಲ್ಲ. ಕಾಫಿ ಸಾಲಿನಲ್ಲಿ ನಕ್ಕಿದ್ದ ಹುಡುಗಿ ರಾಯಚೂರಿನವಳು. ಒಂದು ರಾತ್ರಿ ಅವಳೇ ಬಂದು ‘ಎರಡು ಸಲ ಓದಿದೆ, ಮೊದಲ ಪುಟ ದಾಟಾಕ ಆಗವಲ್ದು. ನೀ ಗಟ್ಟಿಯಾಗಿ ಓದ್ತೀಯೇನು?’ ಅಂದಳು. ಓದಿದೆ. ಕಿವಿಗೆ ಬಿದ್ದ ಮೇಲೆ ಅವಳಿಗೆ ನಿಧಾನವಾಗಿ ಅರ್ಥವಾಗತೊಡಗಿತು. ಕೆಲವು ಪದ ನನಗೂ ತಿಳಿಯಲಿಲ್ಲ. ಅಜ್ಜಿಗೆ ಫೋನ್ ಮಾಡಿ ಕೇಳಿದೆ. ‘ಇದ್ನೂ ಓದಕ್ಕೆ ಮೈಸೂರ್ಗೋಗ್ಬೇಕಾ?’ ಎಂದು ಅಜ್ಜಿ ನಕ್ಕಳು.

ಓದು ಮುಗಿದ ಮೇಲೆ ರಾಯಚೂರಿನವಳು ಮೆಲ್ಲಗೆ ಒಂದು ಮಾತು ಹೇಳಿದಳು. ಮೈಸೂರಿನವರು ನಗುತ್ತಾರೆಂದು ಅವಳೂ ಮೊದಲ ತಿಂಗಳು ಕನ್ನಡಿ ಮುಂದೆ ಪುಸ್ತಕದ ಕನ್ನಡ ಅಭ್ಯಾಸ ಮಾಡಿದ್ದಳಂತೆ. ಅವತ್ತು ನನ್ನನ್ನು ನೋಡಿ ನಕ್ಕಿದ್ದು, ಸದ್ಯ ನಗೆಗೀಡಾದವಳು ತಾನಲ್ಲವಲ್ಲ ಎಂಬ ಸಮಾಧಾನಕ್ಕಂತೆ. ಇಬ್ಬರೂ ಬಹಳ ಹೊತ್ತು ನಕ್ಕೆವು.

ಮೊದಲ ಸೆಮಿಸ್ಟರ್ ಮುಗಿದಾಗ ನಾನೇನೂ ರ‍್ಯಾಂಕ್ ಬರಲಿಲ್ಲ. ಭಾಷಾವಿಜ್ಞಾನದಲ್ಲಿ ಪಾಸಾದೆ, ಅಷ್ಟೇ. ಇಂಗ್ಲಿಷ್ ಪುಸ್ತಕ ತೆರೆದರೆ ಈಗಲೂ ಎದೆ ಡವಗುಟ್ಟುತ್ತದೆ. ಮುಂದೆ ಕೆ-ಸೆಟ್ ಬರೆಯಬೇಕು, ಕೆಲಸ ಹುಡುಕಬೇಕು. ಇನ್ನೂ ಎಷ್ಟು ಜ್ವರಗಳಿವೆಯೋ! ಆದರೆ ‘ಗೊತ್ತಾಗಲಿಲ್ಲ’ ಎಂದು ಬಾಯಿಬಿಟ್ಟು ಹೇಳುವುದನ್ನು ಕಲಿತಿದ್ದೇನೆ. ಊರು ಯಾವುದೆಂದು ಕೇಳಿದರೆ ‘ಉಮ್ಮತ್ತೂರು’ ಅನ್ನುತ್ತೇನೆ.

ಮೊನ್ನೆ ಬೆಳಿಗ್ಗೆ ಕಾಫಿ ಸಾಲಿನಲ್ಲಿ ರಾಯಚೂರಿನವಳು ನನಗಿಂತ ಮುಂದೆ ನಿಂತಿದ್ದಳು. ಲೋಟ ಮುಂದೆ ಚಾಚಿ ಅಂದಳು, ‘ಅಣ್ಣಾ, ಇನ್ನೊಸಿ ಆಲು ಆಕಿ.’